ನೀಲಿ ಕಡೆಯ ಲಕ್ಕು

ಆಟದಲ್ಲಿ ಗೆದ್ದವರು "ಈ ಮೆಶಿನ್ ಸರಿ ಇಲ್ಲ" ಎಂದು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ. ದೂರು ಬರುವುದೇ ಸೋತವರಿಂದ. ಸೋತವರ ದೂರಿಗೆ ಎಷ್ಟು ಮರ್ಯಾದೆ ಸಿಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೊಬ್ಬರು ನಕ್ಕು ಮುಗಿಸುತ್ತಾರೆ. ಕಳೆದ ಅಷ್ಟಮಿಯ ಹೊತ್ತಿಗೆ ಅಕ್ಕನ ಮನೆಯಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು. ಆವತ್ತಿನಿಂದ ಈ ವಿಷಯ ನನ್ನ ತಲೆ ಬಿಟ್ಟು ಹೋಗಿಲ್ಲ.

ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಒಂದು ದೊಡ್ಡ ಐಸ್‌ಕ್ರೀಂ ಡಬ್ಬದಲ್ಲಿ ಅವಳು ಆಟವೊಂದನ್ನು ಕಟ್ಟಿದ್ದಳು. ಮುಚ್ಚಳದ ನಡುವೆ ಒಂದು ಹಸಿರು ಎಲ್‌ಇಡಿ, ಪಕ್ಕದಲ್ಲಿ ಸಣ್ಣ ಸ್ಕ್ರೀನ್. ಎಡಕ್ಕೂ ಬಲಕ್ಕೂ ಉದ್ದದ ವೈರ್, ವೈರಿನ ತುದಿಗೆ ಒಂದೊಂದು ಬಟನ್. ಒಂದಕ್ಕೆ ನೀಲಿ ಟೇಪು, ಇನ್ನೊಂದಕ್ಕೆ ಕೆಂಪು. ಒಳಗೆ ಅರ್ಡುಯಿನೋ ಊನೋದ ಕಾಪಿ ಬೋರ್ಡು, ಅಂದರೆ ನಾವು ಬರೆದ ಕೋಡ್ ಓಡಿಸುವ ಚಿಪ್ಪು ಇರುವ ಸಣ್ಣ ಬೋರ್ಡು. ಲೈಟು ಯಾವಾಗ ಉರಿಯುತ್ತದೆ ಎಂದು ಯಾರಿಗೂ ಗೊತ್ತಿರಬಾರದು. ಉರಿದ ಕೂಡಲೇ ಮೊದಲು ಒತ್ತಿದವರಿಗೆ ಪಾಯಿಂಟು. ಎಷ್ಟು ಮಿಲಿಸೆಕೆಂಡಿನಲ್ಲಿ ಒತ್ತಿದರು ಅಂತ ಸ್ಕ್ರೀನಿನಲ್ಲಿ ಬರುತ್ತದೆ. ಉರಿಯುವ ಮೊದಲೇ ಒತ್ತಿದರೆ ಫೌಲ್. ಸಂತೆಕಟ್ಟೆಯಲ್ಲಿ ಅವರ ಓಣಿಯ ಯುವಕ ಮಂಡಲದವರು ಮೊಸರು ಕುಡಿಕೆಯ ದಿನ ಮಕ್ಕಳಿಗೆ ಆಟೋಟ ಇಡುತ್ತಾರೆ. ಅಲ್ಲಿ ಲಿಂಬೆ ಚಮಚ, ಗೋಣಿಚೀಲ ಓಟದ ಜೊತೆ ಇದನ್ನೂ ಇಡಬೇಕೆಂದು ಅವಳ ಆಸೆ. ನನ್ನ ಹೊಟ್ಟೆಪಾಡು ಬೋರ್ಡ್ ಟೆಸ್ಟಿಂಗ್. ಹಾಗಾಗಿ ಡಬ್ಬ ನನ್ನ ಕೈಗೆ ಬಂತು, ದೂರುಗಳ ಸಮೇತ.

ಸೋತವರ ಮಾತು

ಮೊದಲ ದೂರು ಅಕ್ಕನ ಮಗಳ ಗೆಳತಿಯದು. ಬ್ಯಾಡ್ಮಿಂಟನ್ ಆಡುವ ಹುಡುಗಿ, ಕೈ ಚುರುಕು. "ನಾನು ಒತ್ತಿದ್ದೇನೆ ಅಂಕಲ್, ಅದಕ್ಕೆ ಕೇಳುವುದೇ ಇಲ್ಲ." ಎರಡನೆಯದು ಭಾವನದು. "ಕೆಂಪು ಕಡೆ ಕೂತರೆ ಮುಟ್ಟುವ ಮೊದಲೇ ಫೌಲ್ ಬರ್ತದೆ. ಇದೆಂಥ ಆಟ ಮಾರಾಯ?" ಆಟ ಕಟ್ಟಿದವಳು ಎರಡಕ್ಕೂ ಒಂದೇ ಉತ್ತರ ಇಟ್ಟುಕೊಂಡಿದ್ದಳು. "ಬಟನ್ ಬೌನ್ಸ್ ಆಗ್ತಿದೆ ಮಾಮ. ಡಿಬೌನ್ಸ್ ಹಾಕಿದರೆ ಸರಿ ಆಗ್ತದೆ."

ಇಂಟರ್ನೆಟ್ಟಿನಲ್ಲಿ ಬಟನ್ ಬಗ್ಗೆ ಏನು ಕೇಳಿದರೂ ಇದೇ ಔಷಧಿ ಕೊಡುತ್ತಾರೆ. ಬೌನ್ಸ್ ಸುಳ್ಳಲ್ಲ. ಬಟನ್ ಒತ್ತಿದಾಗ ಒಳಗಿನ ಲೋಹದ ತಗಡು ಒಂದೇ ಸಲಕ್ಕೆ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ ಅದು ಹಲವು ಸಲ ಒತ್ತಿದ ಹಾಗೆ ಕಾಣುತ್ತದೆ. ಒತ್ತಿದ್ದನ್ನು ಎಣಿಸುವ ಕಡೆ ಇದು ದೊಡ್ಡ ತಲೆನೋವು. ಆದರೆ ಯಾರು ಮೊದಲು ಅಂತ ನೋಡುವ ಆಟಕ್ಕೆ ಬೇಕಾಗಿರುವುದು ಮೊದಲ ಸ್ಪರ್ಶ ಮಾತ್ರ. ಆಮೇಲೆ ಅದು ಎಷ್ಟು ಪುಟಿದರೆ ನಮಗೇನು? ಬಟನ್ ನೋಡುವ ಮುಂಚೆ ಸುಮ್ನೆ 50 ಮಿಲಿಸೆಕೆಂಡಿನ ಡಿಬೌನ್ಸ್ (ಪುಟಿತ ನಿಲ್ಲುವ ತನಕ ಕಾಯುವುದು) ತುರುಕಿದರೆ ಎಲ್ಲರ ಸಮಯಕ್ಕೂ 50 ಸೇರುತ್ತದೆ, ಅಷ್ಟೆ ಲಾಭ.

ಅದೂ ಅಲ್ಲದೆ, ಎರಡು ದೂರುಗಳು ಒಂದಕ್ಕೊಂದು ಉಲ್ಟಾ ಇದ್ದವು. ಒಬ್ಬಳು ಒತ್ತಿದರೂ ಆಗುವುದಿಲ್ಲ ಅನ್ನುತ್ತಾಳೆ. ಇನ್ನೊಬ್ಬರು ಒತ್ತದಿದ್ದರೂ ಆಗುತ್ತದೆ ಅನ್ನುತ್ತಾರೆ. ಎರಡಕ್ಕೂ ಒಂದೇ ಮಾತ್ರೆ ಕೊಡುವುದು ಹೇಗೆ? ಆಫೀಸಿನಲ್ಲಿ ನಮಗೆ ಬರುವ ಚೀಟಿಗಳಲ್ಲಿ ಬರೀ "ನಾಟ್ ವರ್ಕಿಂಗ್" ಎಂದಿರುತ್ತದೆ. ಅದನ್ನು ಹಿಡಿದುಕೊಂಡು ಎಲ್ಲಿಗೂ ಹೋಗಲಾಗುವುದಿಲ್ಲ. ಬಳಸಿದವರು ಬಾಯಿಗೆ ಬಂದ ಹಾಗೆ ಬೈದದ್ದು ಸಿಕ್ಕಿದರೆ ಅದೇ ಭಾಗ್ಯ. "ಕೇಳುವುದಿಲ್ಲ" ಅಂದರೆ ಚಿಪ್ಪು ಆ ಹೊತ್ತಿಗೆ ಬೇರೆಲ್ಲೋ ನೋಡುತ್ತಿದೆ ಎಂದು ಲೆಕ್ಕ, ಕೋಡ್ ತೆರೆಯಬೇಕು. "ಮುಟ್ಟದೇ ಆಗ್ತದೆ" ಅಂದರೆ ಕೋಡ್ ಬದಿಗಿಟ್ಟು ವೈರ್ ಹಿಡಿಯಬೇಕು. ಯಾವಾಗಲೂ ಹೀಗೇ ಎಂದಲ್ಲ. ಜಾಸ್ತಿ ಸಲ ಹೀಗೇ.

ಅಮ್ಮ ಯಾಕೆ ಗೆಲ್ಲುತ್ತಿದ್ದರು

ಈ ಗಲಾಟೆಯ ನಡುವೆ ಒಬ್ಬರು ಮಾತ್ರ ತಣ್ಣಗೆ ಗೆಲ್ಲುತ್ತಲೇ ಇದ್ದರು. ನನ್ನ ಅಮ್ಮ. ವಯಸ್ಸು ಎಪ್ಪತ್ತು ದಾಟಿದೆ. ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಆದರೂ ಮೊಮ್ಮಗಳ ಗೆಳತಿಯನ್ನು, ಅಳಿಯನನ್ನು, ಪಕ್ಕದ ಮನೆಯ ಹುಡುಗರನ್ನು ಸಾಲಾಗಿ ಮನೆಗೆ ಕಳಿಸುತ್ತಿದ್ದರು. ಮನೆಯವರೆಲ್ಲ ಅದಕ್ಕೊಂದು ಕಾರಣವನ್ನೂ ಕಂಡುಹಿಡಿದಿದ್ದರು. "ಬೀಡಿ ಕಟ್ಟಿದ ಕೈ ಅಲ್ವಾ, ಇನ್ನೂ ಚುರುಕು ಉಂಟು." ಕೇಳಲು ಎಷ್ಟು ಚೆಂದ! ನನಗೂ ನಂಬಬೇಕು ಅನಿಸಿತ್ತು. ಆದರೆ ಅಮ್ಮ ಒತ್ತುವುದನ್ನು ಹತ್ತಿರದಿಂದ ನೋಡಿದರೆ ಚುರುಕಿನ ಲಕ್ಷಣ ಏನೂ ಇರಲಿಲ್ಲ. ಲೈಟು ಉರಿದ ಮೇಲೆ ಹೆಬ್ಬೆರಳನ್ನು ಬಟನ್ ಮೇಲೆ ಊರುತ್ತಿದ್ದರು. ಊರಿದ ಬೆರಳನ್ನು "ಆಯ್ತಾ?" ಎಂದು ಕೇಳುವ ತನಕ ಎತ್ತುತ್ತಿರಲಿಲ್ಲ. ಗೆಳತಿ ಹಾಗಲ್ಲ. ಟಕ್ ಎಂದು ತಟ್ಟಿ ಕೈ ತೆಗೆದಾಗಿರುತ್ತಿತ್ತು.

ಇನ್ನೊಂದು ವಿಷಯ ಸ್ಕ್ರೀನಿನಲ್ಲೇ ಇತ್ತು. 300, 300, 301, 300. ಎಲ್ಲರೂ ಒಂದೇ ಥರ ಫಾಸ್ಟ್ ಎಂದು ಆಟ ಕಟ್ಟಿದವಳಿಗೆ ಖುಷಿ. ಮನುಷ್ಯರ ಕೈ ಹೀಗೆ ಅಂಕಿ ಕೊಡುವುದಿಲ್ಲ. ಒಂದು ಸಲ 230 ಬಂದರೆ ಮುಂದಿನ ಸಲ 270, ಮತ್ತೆ 215. ಒಂದೇ ಅಂಕಿ ಮತ್ತೆ ಮತ್ತೆ ಬರುತ್ತಿದೆ ಎಂದರೆ ಅಲ್ಲಿ ಮಾತಾಡುತ್ತಿರುವುದು ಮೆಶಿನ್.

ಅವಳ ಕೋಡ್ ಕೆಟ್ಟದಾಗಿರಲಿಲ್ಲ. ಲೈಟಿಗೆ ಕಾಯುವ ಭಾಗವನ್ನು ಲೂಪ್ ಹಾಕಿ ಚೆನ್ನಾಗಿ ಬರೆದಿದ್ದಳು, ಹಾಗಾಗಿಯೇ ಫೌಲ್ ಹಿಡಿಯಲಾಗುತ್ತಿತ್ತು. ಸಮಯದ ಅಂಕಿ ಇಡಲು ಇಂಟ್ ಎಂಬ ಸಣ್ಣ ಜಾಗ ಬಳಸದೆ ಅನ್‌ಸೈನ್ಡ್ ಲಾಂಗ್ ಎಂಬ ದೊಡ್ಡ ಜಾಗ ಬಳಸಿದ್ದಳು. (ಊನೋದಲ್ಲಿ ಇಂಟ್ 32767ಕ್ಕೆ ಮುಗಿಯುತ್ತದೆ. ಮಿಲಿಸೆಕೆಂಡಿನಲ್ಲಿ ಎಣಿಸಿದರೆ, ಆನ್ ಮಾಡಿ ಅರ್ಧ ನಿಮಿಷ ದಾಟಿದ ಮೇಲೆ ಲೆಕ್ಕ ಕೈಕೊಡುತ್ತದೆ. ಎಷ್ಟೋ ಜನ ಅಲ್ಲೇ ಎಡವುತ್ತಾರೆ.) ಎಡವಟ್ಟಾದದ್ದು ಆಮೇಲೆ ಸೇರಿಸಿದ ಬಝರಿನಲ್ಲಿ. ಲೈಟು ಉರಿದಾಗ ಒಂದು ಪೀಂ ಸದ್ದು ಬರಲಿ ಎಂದು ನಾಲ್ಕು ಸಾಲು ಬರೆದಿದ್ದಳು. ಲೈಟು ಹಾಕು, ಬಝರ್ ಕೂಗಿಸು, 300 ಮಿಲಿಸೆಕೆಂಡ್ ಡಿಲೇ, ಬಝರ್ ನಿಲ್ಲಿಸು. ಬಟನ್ ನೋಡುವುದು ಇದೆಲ್ಲ ಆದ ಮೇಲೆ. ಡಿಲೇ ಎಂಬ ಕಮಾಂಡು ಪೂಜೆಗೆ ಕೂತ ಭಟ್ರ ಹಾಗೆ. ಮುಗಿಯುವ ತನಕ ಯಾರು ಕರೆದರೂ ತಿರುಗಿ ನೋಡುವುದಿಲ್ಲ. ಗೆಳತಿ 200ಕ್ಕೆ ಒತ್ತಿ 280ಕ್ಕೆ ಬಿಟ್ಟಾಗಿರುತ್ತಿತ್ತು. 300ಕ್ಕೆ ಚಿಪ್ಪು ಕಣ್ಣು ತೆರೆದಾಗ ಅವಳ ಬೆರಳು ಗಾಳಿಯಲ್ಲಿ, ಅಮ್ಮನ ಬೆರಳು ಬಟನ್ ಮೇಲೆ.

ಸರಿ, ಇಬ್ಬರೂ ಒತ್ತಿ ಹಿಡಿದಿದ್ದರೆ? ಆಗಲೂ ನೀಲಿಯೇ ಗೆಲ್ಲುತ್ತಿತ್ತು. ಕೋಡಿನಲ್ಲಿ ಮೊದಲು ನೀಲಿ ಬಟನ್ ನೋಡು, ಅದು ಇಲ್ಲದಿದ್ದರೆ ಕೆಂಪು ನೋಡು ಎಂದಿತ್ತು. ಯಾವುದಾದರೊಂದನ್ನು ಮೊದಲು ನೋಡಲೇಬೇಕಲ್ಲ. ಸಾಮಾನ್ಯವಾಗಿ ಇದರಿಂದ ತೊಂದರೆ ಇಲ್ಲ. ಲೂಪ್ ಒಂದು ಸುತ್ತು ಬರಲು ಮಿಲಿಸೆಕೆಂಡಿನ ಸಣ್ಣ ಪಾಲು ಸಾಕು, ಅಷ್ಟರಲ್ಲಿ ಇಬ್ಬರೂ ಒತ್ತುವುದು ಅಪರೂಪ. ಆದರೆ ನಡುವೆ 300 ಮಿಲಿಸೆಕೆಂಡಿನ ನಿದ್ದೆ ಬಂದ ಮೇಲೆ ಅದೇ ಸಾಲು ನೀಲಿಯವರ ಪರ ತೀರ್ಪು ಬರೆದುಬಿಡುತ್ತದೆ. ಅಮ್ಮ ಯಾವಾಗಲೂ ನೀಲಿ ಕಡೆ. ಕಿಟಕಿ ಪಕ್ಕದ ಕುರ್ಚಿ ಅವರದು, ನೀಲಿ ವೈರು ಆ ಕಡೆಗೇ ಇತ್ತು.

ನನಗೆ ಮಜಾ ಅನಿಸಿದ್ದು ಇದಲ್ಲ. ಮಕ್ಕಳಿಗೆ ಇದು ಆಗಲೇ ಗೊತ್ತಿತ್ತು! ಅಮ್ಮ ಎದ್ದು ಒಳಗೆ ಹೋದ ಕೂಡಲೇ ಆ ಕುರ್ಚಿಗೆ ಜಗಳ. "ನೀಲಿಗೆ ಲಕ್ಕು ಉಂಟು" ಎಂದು ಪಕ್ಕದ ಮನೆಯ ಹುಡುಗ ನನಗೇ ಹೇಳಿದ್ದ. ಸರ್ಕ್ಯೂಟ್ ಬಿಚ್ಚದೆ, ಕೋಡ್ ಓದದೆ, ದೋಷ ಯಾವ ಕಡೆ ಇದೆ ಎಂದು ಅವರು ಹಿಡಿದಿದ್ದರು. ಅದನ್ನು ಲಕ್ಕು ಎಂದು ಕರೆದದ್ದರಿಂದ ಯಾರೂ ರಿಪೇರಿಗೆ ತರಲಿಲ್ಲ. ಲಕ್ಕನ್ನು ಯಾರಾದರೂ ರಿಪೇರಿ ಮಾಡಿಸುತ್ತಾರಾ?

ಡಿಲೇ ಕಿತ್ತು ಹಾಕಿದೆವು. ಟೋನ್ ಎಂಬ ಕಮಾಂಡಿಗೆ ಸದ್ದು ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳಿಬಿಟ್ಟರೆ ಚಿಪ್ಪಿನೊಳಗಿನ ಟೈಮರ್ ಅದನ್ನು ನೋಡಿಕೊಳ್ಳುತ್ತದೆ, ಕೋಡ್ ಕಾಯದೆ ಮುಂದೆ ಹೋಗುತ್ತದೆ. ಗೆಳತಿ 210ರ ಆಸುಪಾಸಿಗೆ ಬಂದಳು. ಅಮ್ಮ 380, 400. ಒಂದರ ಹಿಂದೆ ಒಂದು ಸೋತ ಮೇಲೆ ಅಮ್ಮ ಕನ್ನಡಕ ಒರೆಸಿಕೊಂಡು ನನ್ನ ಕಡೆ ನೋಡಿದರು. "ಮೊದಲು ಸರಿ ಇತ್ತು. ನೀನು ಕೈ ಹಾಕಿದ ಮೇಲೆ ಹಾಳಾಯ್ತು."

ಅಂಕಿಯ ಬಗ್ಗೆ ಒಂದು ಮಾತು. ಸ್ಕ್ರೀನಿನಲ್ಲಿ ಮೂರು ಅಂಕಿ ಕಂಡ ಕೂಡಲೇ ನಾವು ಅದನ್ನು ತೀರ್ಪು ಎಂದು ಒಪ್ಪಿಬಿಡುತ್ತೇವೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ತ್ರೈರಾಶಿ ಹಾಕಿ ನೂರು ಮೀಟರಿಗೆ 9.55 ಎಂದು ದೇಶವೆಲ್ಲ ಕುಣಿಯಿತು. ಅವರ ಓಟ ಅದ್ಭುತವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ರ ಒಳಗೆ ಗನ್ ಸದ್ದಿಗೆ ಮೈ ಅಲುಗಲು ಹಿಡಿದ 0.146 ಸೆಕೆಂಡೂ ಸೇರಿದೆ. ನಿಂತಲ್ಲಿಂದ ಎದ್ದು ಓಡಿದ ನಿಧಾನವೂ ಸೇರಿದೆ. ತ್ರೈರಾಶಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಕೆಸರು, ಕೋಣಗಳ ಎಳೆತ, ಹೊರಡುವ ತಡ ಎಲ್ಲ ಕಲಸಿ ಒಂದು ಅಂಕಿ ಬಂತು. ನಾವು ಅಂಕಿಯನ್ನು ಮಾತ್ರ ಹಿಡಿದುಕೊಂಡೆವು.

ಮೀಟರ್ ಇಟ್ಟರೆ ಮಾಯ

ಇನ್ನು ಭಾವನ ಕೆಂಪು ಕಡೆ. ಅಕ್ಕನ ಮಗಳು ಮಹಡಿಯ ಕೋಣೆಯಲ್ಲಿ ಟೆಸ್ಟ್ ಮಾಡಿದಾಗ ಈ ತೊಂದರೆ ಇರಲಿಲ್ಲ. ಕೆಳಗೆ ಹಾಲ್‌ಗೆ ತಂದರೆ ಶುರು. ಮೇಲೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು, ಕೆಳಗೆ ಚಾರ್ಜರ್ ಸಿಕ್ಕಿಸುತ್ತಿದ್ದಳು. ಚಾರ್ಜರ್ ಕಿತ್ತರೆ ಫೌಲ್ ನಿಂತಿತು, ಹಾಕಿದರೆ ಮತ್ತೆ ಬಂತು. ಭಾವ ಬರಿಗಾಲಲ್ಲಿ ಒದ್ದೆ ನೆಲಕ್ಕೆ ಕಾಲೂರಿ ಕೂತರೆ ಇನ್ನೂ ಜೋರು. ಕಾಲು ಮಡಚಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತರೆ ಕಡಿಮೆ. ಅಕ್ಕ ಇದಕ್ಕೆ ದೃಷ್ಟಿ ತೆಗೆಯಬೇಕು ಎಂದಳು.

ಬೆಸುಗೆ ಇಲ್ಲದೆ ತೂತಿಗೆ ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡಿನಲ್ಲಿ ಅಕ್ಕನ ಮಗಳು ಪ್ರತಿ ಬಟನ್ನಿಗೂ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದಳು. ಬಟನ್ ಒತ್ತದಿದ್ದಾಗ ಚಿಪ್ಪಿನ ಪಿನ್ನನ್ನು ಸೊನ್ನೆ ವೋಲ್ಟಿಗೆ ಹಿಡಿದಿಡುವುದು ಅದರ ಕೆಲಸ. ನೋಡಲು ಎಲ್ಲ ಸರಿ ಇತ್ತು. ಮಲ್ಟಿಮೀಟರಿನ ಕಪ್ಪು ಮುಳ್ಳನ್ನು ಗ್ರೌಂಡಿಗೆ, ಕೆಂಪು ಮುಳ್ಳನ್ನು ಆ ಪಿನ್ನಿಗೆ ಇಟ್ಟೆ. ಫೌಲ್ ನಿಂತಿತು. ಮೀಟರಿನಲ್ಲಿ ಸೊನ್ನೆಯ ಹತ್ತಿರ. ಮುಳ್ಳು ತೆಗೆದೆ. ಫೌಲ್. ಮತ್ತೆ ಇಟ್ಟೆ, ನಿಂತಿತು. ಅಕ್ಕನ ಮಗಳು ನನ್ನ ಕೈಯಿಂದ ಮುಳ್ಳು ಕಸಿದುಕೊಂಡು ತಾನೇ ಇಟ್ಟು ತೆಗೆದು ನೋಡಿದಳು. "ಡಾಕ್ಟರ್ ಹತ್ತಿರ ಹೋದ ಕೂಡಲೇ ಹಲ್ಲುನೋವು ಹೋಗ್ತದಲ್ಲ ಮಾಮ" ಎಂದಳು.

ನನಗೆ ಅಷ್ಟು ಸಾಕಾಯಿತು. ಮಾಮೂಲಿ ಡಿಜಿಟಲ್ ಮೀಟರಿನ ಒಳಗೆ ಸುಮಾರು 10 ಮೆಗಾ ಓಮ್ ಇರುತ್ತದೆ. ಪಿನ್ನು ನಿಜವಾಗಿ 10 ಕಿಲೋ ಓಮಿನಿಂದ ಗ್ರೌಂಡಿಗೆ ಕಟ್ಟಿಕೊಂಡಿದ್ದರೆ, ಅದರ ಸಾವಿರ ಪಟ್ಟು ದೊಡ್ಡ ಮೀಟರಿನ ಓಮ್ ಅದಕ್ಕೆ ಲೆಕ್ಕಕ್ಕೇ ಬರಬಾರದು. ಲೆಕ್ಕಕ್ಕೆ ಬಂತು ಎಂದರೆ ಆ ಪಿನ್ನಿಗೆ ಬೇರೆ ಯಾವ ಆಸರೆಯೂ ಇಲ್ಲ. ರೆಸಿಸ್ಟರಿನ ಕಾಲು ತೂತಿನಲ್ಲಿತ್ತು, ಆದರೆ ಒಳಗಿನ ಕ್ಲಿಪ್ಪು ಹಿಗ್ಗಿ ಹಿಡಿತ ಬಿಟ್ಟಿತ್ತು. ಅಂಥ ಪಿನ್ನು ಗಾಳಿಯಲ್ಲಿ ತೇಲುತ್ತಿರುತ್ತದೆ. ಉದ್ದದ ವೈರು ಆಂಟೆನಾ. ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್ ಅದಕ್ಕೆ ತಗಲುತ್ತದೆ. ಎರಡು ಪಿನ್ನಿನ, ಅರ್ತ್ ಇಲ್ಲದ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪೇ ನೆಲದ ಲೆಕ್ಕದಲ್ಲಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಬರಿಗಾಲಲ್ಲಿ ನೆಲ ಮುಟ್ಟಿ ಕೂತ ಭಾವನ ಕೈ ವೈರಿನ ಹತ್ತಿರ ಬಂದರೆ ಚಿಪ್ಪಿಗೆ ಅದೇ ಬಟನ್ ಒತ್ತಿದ ಹಾಗೆ.

ರೆಸಿಸ್ಟರಿನ ಸಹವಾಸವೇ ಬೇಡ ಎಂದು ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆದು ಹಿಡಿಯುವ, ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರ್ ಆನ್ ಮಾಡಿದೆವು. 20ರಿಂದ 50 ಕಿಲೋ ಓಮ್ ಅಲ್ಲೇ ಇದೆ, ಬ್ರೆಡ್‌ಬೋರ್ಡಿನ ಹಂಗಿಲ್ಲ. ಬಟನ್ನಿನ ಇನ್ನೊಂದು ತುದಿಯನ್ನು 5 ವೋಲ್ಟಿನಿಂದ ಗ್ರೌಂಡಿಗೆ ಬದಲಿಸಬೇಕು, ಕೋಡಿನಲ್ಲಿ ಹೈ ಇದ್ದಲ್ಲಿ ಲೋ ಬರೆಯಬೇಕು. ನಮ್ಮ ಕಡೆಯ ಹವೆಗೆ ಬ್ರೆಡ್‌ಬೋರ್ಡನ್ನು ಜಾಸ್ತಿ ದಿನ ನಂಬಬಾರದು ಅಂತ ನನ್ನ ಅಭಿಪ್ರಾಯ. ಒಂದು ಮಳೆಗಾಲ ಕಳೆದರೆ ಕ್ಲಿಪ್ಪುಗಳ ಬಣ್ಣವೇ ಬದಲಾಗಿರುತ್ತದೆ.

ತುಟಿ ಅಲುಗಿಸುವ ಹುಡುಗ

300ರ ಅಡ್ಡಗೋಡೆ ಬಿದ್ದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ದೋಷ ಹೊರಗೆ ಬಂತು. ಅಕ್ಕನ ಮಗ, ನಾಲ್ಕನೇ ಕ್ಲಾಸಿನವನು, 85, 60, 110 ಎಂದು ಹೊಡೆಯತೊಡಗಿದ. ಮನೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬೆಳಕು ನೋಡಿ ಬೆರಳು ಅಲುಗಲು ದೊಡ್ಡವರಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಓಟದ ಸ್ಪರ್ಧೆಯಲ್ಲಿ ಗನ್ ಸದ್ದಾಗಿ 100 ಮಿಲಿಸೆಕೆಂಡಿನ ಒಳಗೆ ಕದಲಿದರೆ ಫಾಲ್ಸ್ ಸ್ಟಾರ್ಟ್. ಕೇಳಿ ಹೊರಟದ್ದಲ್ಲ, ಊಹಿಸಿ ಹೊರಟದ್ದು ಎಂದು ಅರ್ಥ. 2022ರ ವಿಶ್ವ ಚಾಂಪಿಯನ್‌ಶಿಪ್ಪಿನ 110 ಮೀಟರ್ ಹರ್ಡಲ್ಸ್ ಫೈನಲ್ಲಿನಿಂದ ಡೆವನ್ ಆಲೆನ್ ಎಂಬ ಓಟಗಾರನನ್ನು 99 ಮಿಲಿಸೆಕೆಂಡಿಗೆ ಹೊರಗೆ ಹಾಕಿದ್ದರು. ಒಂದೇ ಒಂದು ಮಿಲಿಸೆಕೆಂಡಿನ ದೂರ. ಅದು ನ್ಯಾಯವಾ ಎಂದು ನನಗೆ ಈಗಲೂ ಅನುಮಾನವಿದೆ. ನಮ್ಮ ಹುಡುಗನ ವಿಷಯದಲ್ಲಿ ಅನುಮಾನ ಇರಲಿಲ್ಲ.

ಅವನಿಗೆ ಒಂದು ಅಭ್ಯಾಸ ಇತ್ತು. ತನ್ನ ಸರದಿ ಬಂದಾಗ "ಫ್ರೆಶ್ ಆಗಿ ಆಡ್ತೇನೆ" ಎಂದು ರಿಸೆಟ್ ಒತ್ತುತ್ತಿದ್ದ. ಆಮೇಲೆ ಲೈಟು ನೋಡುವುದೇ ಇಲ್ಲ, ಎಲ್ಲೋ ಗೋಡೆ ನೋಡುತ್ತಾನೆ. ತುಟಿ ಮಾತ್ರ ಅಲುಗುತ್ತದೆ. ಎಣಿಸುತ್ತಿದ್ದ! ಲೈಟು ಎಷ್ಟು ಹೊತ್ತಿಗೆ ಉರಿಯಬೇಕು ಎಂಬ ಅಂಕಿ ಕೊಡುವುದು ರ‍್ಯಾಂಡಮ್ ಎಂಬ ಕಮಾಂಡು. ಅರ್ಡುಯಿನೋದ ರ‍್ಯಾಂಡಮ್‌ಗೆ ಶುರುವಿಗೊಂದು ಬೇರೆ ಅಂಕಿ, ಅಂದರೆ ಬೀಜ, ಹಾಕದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದೇ ಸಾಲು, ಅದೇ ಕ್ರಮ. ಅವನು ಆ ಸಾಲನ್ನು ಮಗ್ಗಿಯ ಜೊತೆ ಬಾಯಿಪಾಠ ಮಾಡಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ, ಯಾಕೆ ಹೇಳಬೇಕು?

ಇದಕ್ಕೆ ಎಲ್ಲರೂ ಹೇಳುವ ಪರಿಹಾರ, ಖಾಲಿ ಬಿಟ್ಟ ಅನಲಾಗ್ ಪಿನ್ನನ್ನು ಓದಿ ಆ ಅಂಕಿಯನ್ನು ಬೀಜವಾಗಿ ಕೊಡುವುದು. ಭಾವನಿಗೆ ಫೌಲ್ ಕೊಡಿಸಿದ ಅದೇ ತೇಲುವ ಪಿನ್ನು ಇಲ್ಲಿ ಔಷಧಿ. ಆದರೆ ಬ್ಯಾಟರಿಯಲ್ಲಿ ಓಡುವಾಗ ಆ ಪಿನ್ನಿನ ಅಂಕಿಯೂ ಹೆಚ್ಚು ಅಲುಗಾಡಲಿಲ್ಲ, ಹುಡುಗ ಅದನ್ನೂ ಪಾಠ ಮಾಡುವ ಸಾಧ್ಯತೆ ಕಂಡಿತು. ಹಾಗಾಗಿ ಆಟ ಶುರು ಮಾಡಲು ಬಟನ್ ಒತ್ತಿದ ಕ್ಷಣದ ಮೈಕ್ರೋಸೆಕೆಂಡನ್ನೇ ಬೀಜ ಮಾಡಿದೆವು. ಊನೋ ಅದನ್ನು 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಎಣಿಸುತ್ತದೆ. ಅಷ್ಟು ಸೂಕ್ಷ್ಮವಾಗಿ ಒಂದೇ ಹೊತ್ತಿಗೆ ಎರಡು ಸಲ ಒತ್ತುವ ಮನುಷ್ಯ ಇಲ್ಲ. 100ಕ್ಕಿಂತ ಕಡಿಮೆ ಬಂದರೆ ಫೌಲ್ ಎಂಬ ಸಾಲನ್ನೂ ಅಕ್ಕ ಹೇಳಿ ಹಾಕಿಸಿದಳು. ಹುಡುಗ ಆ ದಿನ ಊಟಕ್ಕೆ ಬರಲಿಲ್ಲ.

ತಾಸೆ ಬಂದಾಗ

ಮೊಸರು ಕುಡಿಕೆಯ ದಿನ ಮೈದಾನದಲ್ಲಿ ಎಲ್ಲರೂ ನಿಧಾನವಾಗಿದ್ದರು. ಮನೆಯಲ್ಲಿ 190, 200 ಹೊಡೆದವರಿಗೆಲ್ಲ ಅಲ್ಲಿ 240, 250. ಗೆಳತಿಯ ದೂರು ಮತ್ತೆ ಬಂತು, ಆದರೆ ಮಾತು ಬೇರೆ. "ಈಗ ಕೇಳ್ತದೆ ಅಂಕಲ್, ಆದರೆ ಲೇಟಾಗಿ ಕೇಳ್ತದೆ." ಮೊದಲು ಬೆಳಕಿನ ಮೇಲೆ ಅನುಮಾನ ಹೋಯಿತು. ಮೋಡ ಸರಿದು ಬಿಸಿಲು ಬಂದಿತ್ತು, ಹಸಿರು ಲೈಟು ಮಂಕು. ಕಪ್ಪು ಚಾರ್ಟ್ ಪೇಪರ್ ಸುತ್ತಿ ನೆರಳು ಮಾಡಿದೆವು. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ನಡುನಡುವೆ ಹಳೆಯ ಅಂಕಿಗಳು ವಾಪಸು ಬರುತ್ತಿದ್ದವು. ಯಾವಾಗ ಅಂದರೆ, ಹುಲಿವೇಷದವರು ತಾಸೆ ಎಂಬ ವಾದ್ಯದ ಬಡಿತ ನಿಲ್ಲಿಸಿ ನೀರು ಕುಡಿಯುವಾಗ.

ಬಝರ್! ಮನೆಯಲ್ಲಿ ಎಲ್ಲರೂ ಒತ್ತುತ್ತಿದ್ದದ್ದು ಲೈಟು ನೋಡಿ ಅಲ್ಲ, ಸದ್ದು ಕೇಳಿ. ಕಣ್ಣಿನ ಪರದೆಯಲ್ಲಿ ಬೆಳಕು ರಾಸಾಯನಿಕ ಕ್ರಿಯೆ ದಾಟಿ ನರಕ್ಕೆ ಸುದ್ದಿಯಾಗಬೇಕು, ಅದಕ್ಕೆ ಹೊತ್ತು ಬೇಕು. ಕಿವಿಯ ಕೂದಲಕೋಶಗಳು ಅಲುಗಿದರೆ ಸುದ್ದಿ ಹೊರಟಂತೆಯೇ. ಹಾಗಾಗಿ ಸದ್ದಿಗೆ ಕೈ ಸುಮಾರು 30, 40 ಮಿಲಿಸೆಕೆಂಡ್ ಬೇಗ ಓಡುತ್ತದೆ. ಮೈದಾನದಲ್ಲಿ ತಾಸೆಯ ಪೆಟ್ಟಿಗೆ ಪೀಂ ಮುಚ್ಚಿಹೋಗಿ ಕಣ್ಣೊಂದೇ ಉಳಿದಿತ್ತು. ಮನೆಗೆ ಬಂದು ಬಝರ್ ವೈರು ಕಿತ್ತು ಆಡಿದರೆ ಅದೇ 240. ಮೆಶಿನ್ ಈ ಸಲ ನಿರಪರಾಧಿ.

ತಡ ಯಾರದು ಎಂಬ ಈ ಜಗಳ ಹಳೆಯದು. 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮ್ಯಾಸ್ಕಲೈನ್ ತನ್ನ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದ. ನಕ್ಷತ್ರ ದೂರದರ್ಶಕದ ಗೆರೆ ದಾಟುವ ಸಮಯವನ್ನು ಅವನು ಮುಖ್ಯಸ್ಥನಿಗಿಂತ 0.8 ಸೆಕೆಂಡ್ ತಡವಾಗಿ ಬರೆಯುತ್ತಿದ್ದ ಎಂಬುದು ಕಾರಣ. ಆ ಕಾಲದ ವಿಧಾನದಲ್ಲಿ ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಟಿಕ್ ಮೇಲೆ ಇರಬೇಕಿತ್ತು. ಬಹಳ ವರ್ಷಗಳ ನಂತರ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ ಬೇರೆ ಬೇರೆ ವೀಕ್ಷಕರನ್ನು ಹೋಲಿಸಿ ನೋಡಿದ. ಒಬ್ಬೊಬ್ಬರದೂ ಒಂದೊಂದು ತಡ, ನುರಿತವರದ್ದು ಕೂಡ. ಕಿನ್ನೆಬ್ರೂಕ್ ತಪ್ಪುಗಾರ ಎಂದು ತೀರ್ಮಾನಿಸಿದವನು ಮುಖ್ಯಸ್ಥ. ತನ್ನ ಅಂಕಿಯೇ ಸರಿ ಎಂದುಕೊಂಡವನೂ ಅವನೇ. ಅವನೂ ನೀಲಿ ಕಡೆ ಕೂತವನು.

ಮೈದಾನದಲ್ಲಿ ಇನ್ನೊಂದು ತಕರಾರು ಕೂಡ ಇತ್ತು. ಆಟ ನಡುವೆ ಆಫ್ ಆಗುತ್ತಿತ್ತು. ಅದು ಸುಲಭದ್ದು. ಈ ಬೋರ್ಡು ಎಳೆಯುವ ಕರೆಂಟು ತೀರಾ ಕಡಿಮೆ, ಏನೂ ಸಿಕ್ಕಿಸಿಲ್ಲ ಎಂದುಕೊಂಡು ಪವರ್ ಬ್ಯಾಂಕು ಮಲಗಿಬಿಡುತ್ತದೆ. ಅದರ ಇನ್ನೊಂದು ತೂತಿಗೆ ಯಾರದೋ ಮೊಬೈಲ್ ಚಾರ್ಜಿಗೆ ಹಾಕಿ ಎಚ್ಚರ ಇಟ್ಟೆವು.

ಈಗ ಡಬ್ಬದ ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ಆಡಿದವರು ಬೈದದ್ದನ್ನು ಅವರ ಮಾತಲ್ಲೇ ಅದರಲ್ಲಿ ಬರೆಯಬೇಕು, "ಬೌನ್ಸ್" ಎಂದು ಬರೆಯುವ ಹಾಗಿಲ್ಲ. ಗೆದ್ದವರನ್ನೂ ಕರೆದು ಯಾವ ಕಡೆ ಕೂತಿದ್ದೆ, ಹೇಗೆ ಒತ್ತಿದೆ ಎಂದು ಕೇಳುತ್ತೇವೆ. ಅವರಿಗೆ ಅದು ಸೇರುವುದಿಲ್ಲ. ಹಾಳೆಯಲ್ಲಿ ಸದ್ಯ ಉಳಿದಿರುವ ದೂರು ಒಂದೇ, ಅಮ್ಮನದು. "ಕೆಂಪು ಬಟನ್ ಗಟ್ಟಿ." ಅಷ್ಟಮಿಯ ಪಾಯಸ ಚೆಲ್ಲಿ ಒಳಗೆ ಅಂಟಾಗಿದೆ ಎಂದು ಅಕ್ಕನ ಮಗಳ ವಾದ. ಆಗಿರಲೂಬಹುದು. ಆದರೆ ಬಿಚ್ಚುವ ಮೊದಲು ಎರಡು ಬಟನ್‌ಗಳನ್ನು ಅದಲುಬದಲು ಮಾಡಿ, ಟೇಪಿನ ಬಣ್ಣ ಇದ್ದಲ್ಲೇ ಇರಲಿ, ಅಮ್ಮನಿಗೆ ಹೇಳಬೇಡ ಎಂದಿದ್ದೇನೆ. ದೂರು ಬಟನ್ ಜೊತೆ ಆ ಕಡೆ ಹೋಗುತ್ತದೋ, ಕೆಂಪು ಟೇಪಿನ ಹತ್ತಿರವೇ ಉಳಿಯುತ್ತದೋ ಈ ಭಾನುವಾರ ಗೊತ್ತಾಗುತ್ತದೆ.